ಘರಪಟ್ಟಿಯ ಬಿಲ್ಲನ್ನು ಓದಿ ನೋಡೋಣ



ಬೀಜ ಕೊಳ್ಳುವಾಗ ಮೊಳಕೆ ಎಷ್ಟು ಬರುತ್ತದೆ ಎಂದು ಕೇಳುತ್ತೇವೆ. ಕಬ್ಬು ಕಾರಖಾನೆಗೆ ಹೋದರೆ ತೂಕದ ಚೀಟಿಯನ್ನು ಎರಡು ಸಲ ನೋಡುತ್ತೇವೆ. ಆದರೆ ಘರಪಟ್ಟಿಯ ಬಿಲ್ಲು ಬಂದಾಗ ಮಾತ್ರ ಕೆಳಗಿನ ಮೊತ್ತವೊಂದನ್ನೇ ನೋಡಿ, 'ಈ ವರ್ಷವೂ ಏರಿಸಿದ್ದಾರೆ' ಎಂದು ಗೊಣಗಿ, ಅದನ್ನು ಗೋಡೆಯ ಮೊಳೆಗೆ ಸಿಕ್ಕಿಸಿಬಿಡುತ್ತೇವೆ. ಈ ಕರವನ್ನು ಯಾರು ನಿಶ್ಚಯಿಸುತ್ತಾರೆ, ಹೇಗೆ ಲೆಕ್ಕ ಹಾಕುತ್ತಾರೆ, ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ಈ ಸಲ ತಿಳಿದುಕೊಳ್ಳೋಣ. ನಮ್ಮ ನಲ್ಲಿಯ ನೀರು, ಮನೆಯ ಮುಂದಿನ ಗಟಾರ, ಓಣಿಯ ದೀಪ ಎಲ್ಲವೂ ಈ ಹಣವನ್ನೇ ನಂಬಿಕೊಂಡಿವೆ.

ಯಾರಿಗೆ ಕೊಡುವ ಕರ?

ಮಿರಜ ತಾಲೂಕಿನ ಹಳ್ಳಿಗಳಲ್ಲಿ ಇರುವವರು ಗ್ರಾಮಪಂಚಾಯತಿಗೆ ಘರಪಟ್ಟಿ ಕೊಡುತ್ತಾರೆ. ಸಾಂಗಲಿ, ಮಿರಜ ಮತ್ತು ಕುಪವಾಡ ಸೇರಿ 1998ರ ಫೆಬ್ರವರಿ 9ರಂದು ಮಹಾನಗರಪಾಲಿಕೆಯಾಯಿತು. ಅದರ ಹದ್ದಿನೊಳಗೆ ಮನೆ ಇರುವವರು, ಹೊಲ ಬೇರೆ ಊರಲ್ಲಿದ್ದರೂ, ಮನೆಯ ಕರವನ್ನು ಪಾಲಿಕೆಗೇ ಕಟ್ಟಬೇಕು. ಜಿಲ್ಲಾ ಪರಿಷತ್ತು ಘರಪಟ್ಟಿಯ ಬಿಲ್ಲು ಕಳಿಸುವುದಿಲ್ಲ. ಹೊಲದ ಶೇತಸಾರಾ ಜೊತೆಗೆ ತಲಾಠಿ ಕಚೇರಿಯಲ್ಲಿ ವಸೂಲಾಗುವ ಉಪಕರದಲ್ಲಿ ಅದಕ್ಕೆ ಪಾಲಿದೆ.

ಹಳ್ಳಿಯಲ್ಲಿ ಲೆಕ್ಕ ಹೇಗೆ?

1958ರ ಗ್ರಾಮಪಂಚಾಯತ ಕಾಯದೆಯ 124ನೇ ಕಲಮು ಪಂಚಾಯತಿಗೆ ಕರ ಹಾಕುವ ಅಧಿಕಾರ ಕೊಟ್ಟಿದೆ. ಶೇತಸಾರಾ ಇರುವ ಹೊಲಕ್ಕೆ ಈ ಕರ ಇಲ್ಲ. ಆದರೆ ಕಟ್ಟಡಕ್ಕೆ ಇದೆ. ಆ ಕಟ್ಟಡ ಹೊಲದಲ್ಲಿದ್ದರೂ ಇದೆ. ಹೊಲದ ಮನೆಗೆ ಬಿಲ್ಲು ಬಂದರೆ ಅನ್ಯಾಯವಾಯಿತು ಎಂದುಕೊಳ್ಳಬೇಕಾಗಿಲ್ಲ.

2015ರ ಡಿಸೆಂಬರದಲ್ಲಿ ನಿಯಮ ಬದಲಾಗಿ, ಕರವನ್ನು ಮನೆಯ ಬಂಡವಾಳ ಮೌಲ್ಯದ ಮೇಲೆ ಹಾಕುವ ಪದ್ಧತಿ ಬಂತು. ಜಾಗದ ಸರಕಾರಿ ದರ, ಕಟ್ಟಡದ ಕ್ಷೇತ್ರಫಳ, ಕಟ್ಟಿದ ಬಗೆ, ಅದಕ್ಕೆ ಆದ ವಯಸ್ಸು ಮತ್ತು ಬಳಕೆ, ಇವನ್ನೆಲ್ಲ ಹಿಡಿದು ಮೌಲ್ಯ ತೆಗೆಯುತ್ತಾರೆ. ಮಣ್ಣಿನ ಮನೆಗೆ ಒಂದು ದರ, ಆರ್.ಸಿ.ಸಿ. ಮನೆಗೆ ಇನ್ನೊಂದು. ವಾಸದ ಮನೆಗಿಂತ ಅಂಗಡಿಗೆ ಹೆಚ್ಚು. ಮನೆ ಹಳೆಯದಾದಷ್ಟು ಸವಕಳಿ ಕಳೆಯಬೇಕು. ಪ್ರತಿ ಸಾವಿರ ರೂಪಾಯಿ ಮೌಲ್ಯಕ್ಕೆ ಇಂತಿಷ್ಟು ಪೈಸೆ ಎಂಬ ದರವನ್ನು, ಸರಕಾರ ಹೇಳಿದ ಕನಿಷ್ಠ ಮತ್ತು ಗರಿಷ್ಠ ಮಿತಿಯೊಳಗೆ, ಪಂಚಾಯತಿಯೇ ಠರಾವು ಮಾಡಿ ನಿಶ್ಚಯಿಸುತ್ತದೆ. ತಿಳಿಯಲು ಒಂದು ಲೆಕ್ಕ: ಮೌಲ್ಯ 4 ಲಕ್ಷ ರೂಪಾಯಿ, ದರ ಸಾವಿರಕ್ಕೆ 1 ರೂಪಾಯಿ ಎಂದಿಟ್ಟುಕೊಂಡರೆ ಘರಪಟ್ಟಿ 400 ರೂಪಾಯಿ. ಇದರ ಕೆಳಗೆ ದಿವಾಬತ್ತಿ ಕರ, ಆರೋಗ್ಯ ಕರ ಮತ್ತು ಪಾಣಿಪಟ್ಟಿ ಬೇರೆಬೇರೆ ಸಾಲುಗಳಲ್ಲಿ ಇರುತ್ತವೆ.

ಈ ಆಕಾರಣಿ ನಾಲ್ಕು ವರ್ಷಕ್ಕೊಮ್ಮೆ ಆಗುತ್ತದೆ. ಅದನ್ನು ಬರೆದಿಡುವ ಪುಸ್ತಕವೇ ನಮೂನಾ 8. ಅದರಲ್ಲಿ ಕ್ಷೇತ್ರಫಳ ತಪ್ಪಾಗಿದ್ದರೆ, ಬಿದ್ದುಹೋದ ಮನೆ ಇನ್ನೂ ಹಾಗೆಯೇ ಇದ್ದರೆ, ಮಣ್ಣಿನ ಗೋಡೆ ಆರ್.ಸಿ.ಸಿ. ಎಂದು ಬರೆದಿದ್ದರೆ, ನಾಲ್ಕು ವರ್ಷವೂ ಆ ತಪ್ಪಿನ ಮೇಲೆಯೇ ಹಣ ಕೊಡಬೇಕಾಗುತ್ತದೆ. ಆದ್ದರಿಂದ ಯಾದಿ ಪ್ರಕಟವಾದಾಗಲೇ ನೋಡಿ, ನೋಟಿಸಿನಲ್ಲಿ ಹೇಳಿದ ದಿನದೊಳಗೆ ಬರೆದು ಹರಕತ್ತು ಕೊಡಬೇಕು. ಪಂಚಾಯತಿ ಕೇಳದಿದ್ದರೆ ಪಂಚಾಯತ ಸಮಿತಿಗೆ ಅಪೀಲು ಇದೆ.

ನಗರದಲ್ಲಿ ಲೆಕ್ಕ ಹೇಗೆ?

ಪಾಲಿಕೆಯ ಕಾಯದೆಯಲ್ಲಿ ಹಳೆಯ ಪದ್ಧತಿ ಹೀಗಿದೆ: ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದು ಎಂದು ಹಿಡಿದು, ದುರಸ್ತಿಗಾಗಿ ಅದರಲ್ಲಿ ಶೇ. 10 ಕಳೆಯುತ್ತಾರೆ. ತಿಂಗಳಿಗೆ 2,000 ರೂಪಾಯಿ ಬಾಡಿಗೆ ಎಂದರೆ ವರ್ಷಕ್ಕೆ 24,000, ಶೇ. 10 ಕಳೆದರೆ 21,600. ಇದೇ ಕರಯೋಗ್ಯ ಮೌಲ್ಯ. ಸಾಮಾನ್ಯ ಕರ, ನೀರು, ಮಲನಿಸ್ಸಾರಣ ಮುಂತಾದ ಸಾಲುಗಳು ಇದರ ಮೇಲೆ ನಿಲ್ಲುತ್ತವೆ. ಮುಂದಿನ ವರ್ಷದ ದರವನ್ನು ಪಾಲಿಕೆ ಫೆಬ್ರವರಿ 20ರ ಒಳಗೆ ನಿಶ್ಚಯಿಸಬೇಕು ಎಂದು ಕಾಯದೆ ಹೇಳುತ್ತದೆ. ನಗರಸೇವಕರಿಗೆ ಹೇಳುವ ಮಾತಿದ್ದರೆ ಜನವರಿಯಲ್ಲೇ ಹೇಳಬೇಕು. ಬಿಲ್ಲು ಬಂದ ಮೇಲೆ ಅಲ್ಲ.

ಬಿಲ್ಲಿನಲ್ಲಿರುವ ಶಿಕ್ಷಣ ಕರ ಮತ್ತು ರೋಜಗಾರ ಹಮಿ ಕರ ಪಾಲಿಕೆಯವಲ್ಲ. ಅವನ್ನು ವಸೂಲಿ ಮಾಡಿ ರಾಜ್ಯ ಸರಕಾರಕ್ಕೆ ಕಟ್ಟಲಾಗುತ್ತದೆ. ಸಾರ್ವಜನಿಕ ಪೂಜೆಗೆ ಮಾತ್ರ ಬಳಸುವ ಕಟ್ಟಡಕ್ಕೆ, ಅದು ನಮ್ಮ ಚರ್ಚಾಗಿರಲಿ, ಗುಡಿ ಅಥವಾ ಮಸೀದಿಯಾಗಿರಲಿ, ಸಾಮಾನ್ಯ ಕರದ ಮಾಫಿ ಇದೆ. ಬಳಸಿದ ನೀರಿನ ಹಣವನ್ನು ಮಾತ್ರ ಅಲ್ಲಿಯೂ ಕೊಡಲೇಬೇಕು.

ಹಣ ಹೋಗುವುದೆಲ್ಲಿಗೆ?

ಪಂಚಾಯತಿಯ ಹಣದಲ್ಲಿ ನೀರಿನ ಪಂಪಿನ ಲೈಟ್‌ಬಿಲ್ಲು, ಟಿ.ಸಿ.ಎಲ್. ಪುಡಿ, ಕೆಲಸಗಾರರ ಪಗಾರ, ದೀಪ ಮತ್ತು ಗಟಾರ ಸಾಗಬೇಕು. ಸ್ವಂತ ಉತ್ಪನ್ನದಲ್ಲಿ ಶೇ. 15 ಹಿಂದುಳಿದವರಿಗೆ, ಶೇ. 10 ಮಹಿಳೆ ಮತ್ತು ಮಕ್ಕಳಿಗೆ, ಶೇ. 5 ಅಂಗವಿಕಲರಿಗೆ ಖರ್ಚಾಗಬೇಕು ಎಂಬ ನಿಯಮವಿದೆ. ನಮ್ಮ ಓಣಿಯಲ್ಲಿ ಹಕ್ಕುಳ್ಳವರು ಇದ್ದರೂ ಕೇಳದಿರುವುದರಿಂದ ಈ ಪಾಲು ಅವರ ಕೈಗೆ ಮುಟ್ಟದೆ ಹೋಗಬಹುದು.

ದೊಡ್ಡ ಕೆಲಸಗಳಿಗೆ ಕೇಂದ್ರದ ಹಣ ಬರುತ್ತದೆ. 2021ರಿಂದ 2026ರ ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಹಳ್ಳಿಗಳಿಗೆ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ಸ್ವಚ್ಛತೆಗೇ ಕಟ್ಟಿಹಾಕಿದ್ದರು. ನಗರದಲ್ಲಿ ಹಿಂದೆ ಜಕಾತಿ ಇತ್ತು, ನಂತರ ಎಲ್.ಬಿ.ಟಿ. ಬಂತು, 2017ರಲ್ಲಿ ಜಿ.ಎಸ್.ಟಿ. ಬಂದು ಅದೂ ಹೋಯಿತು. ಅದರ ಬದಲಿಗೆ ರಾಜ್ಯ ಸರಕಾರ ಪರಿಹಾರ ಕೊಡುತ್ತದೆ. ಹೀಗಾಗಿ ಪಾಲಿಕೆಯ ಸ್ವಂತ ದುಡ್ಡಿನಲ್ಲಿ ಘರಪಟ್ಟಿಗೆ ಮಹತ್ವ ಹೆಚ್ಚಿದೆ.

ಇದು ಆರೋಗ್ಯದ ಮಾತು

ಸಾಂಗಲಿಯ ಶೇರಿನಾಲಾ ಹೊಲಸು ನೀರನ್ನು ಕೃಷ್ಣೆಗೆ ತರುತ್ತದೆ ಎಂಬುದು ಹಳೆಯ ದೂರು. ಅದೇ ಕೃಷ್ಣೆ ಮುಂದೆ ಮಿರಜದ ಬಳಿ ಹರಿದು ಮ್ಹೈಸಾಳಕ್ಕೆ ಹೋಗುತ್ತದೆ; ಅಲ್ಲಿಂದ ಪಂಪು ಹಚ್ಚಿ ಎತ್ತಿದ ನೀರು ಕವಠೆಮಹಾಂಕಾಳ ಮತ್ತು ಜತ್ತದ ಹೊಲಗಳಿಗೂ ಮುಟ್ಟುತ್ತದೆ. ನಗರದ ಮಲನಿಸ್ಸಾರಣದ ಕೆಲಸ ನಿಂತರೆ ಕೆಳಗಿನ ಹಳ್ಳಿಯ ಮಗುವಿಗೆ ಭೇದಿಯಾಗುತ್ತದೆ. ಹಳ್ಳಿಯಲ್ಲಿಯೂ ಹಾಗೆಯೇ. ಪಾಣಿಪಟ್ಟಿ ಬಾಕಿ ಬಿದ್ದರೆ ಮೊದಲು ನಿಲ್ಲುವುದು ಟಿ.ಸಿ.ಎಲ್. ಪುಡಿ ಮತ್ತು ಪೈಪಿನ ದುರಸ್ತಿ. ನೂರು ರೂಪಾಯಿ ಉಳಿಸಿ ಸಾವಿರ ರೂಪಾಯಿಯ ಸಲಾಯಿನ ಹಚ್ಚಿಸಿಕೊಳ್ಳುವುದು ಯಾವ ಜಾಣತನ? ಆರೋಗ್ಯ ಖಾತೆಯವರು ನೀರಿನ ವ್ಯವಸ್ಥೆ ತಪಾಸಿಸಿ ಪಂಚಾಯತಿಗೆ ಹಸಿರು, ಹಳದಿ ಅಥವಾ ಕೆಂಪು ಕಾರ್ಡು ಕೊಡುತ್ತಾರೆ. ನಮ್ಮ ಊರಿಗೆ ಯಾವ ಬಣ್ಣದ ಕಾರ್ಡು ಸಿಕ್ಕಿದೆ ಎಂದು ಕೇಳಿ ನೋಡಿರಿ.

ನಾವು ಮಾಡಬೇಕಾದದ್ದು

1. ನಮೂನಾ 8ರ ಉತಾರ ತೆಗೆಸಿ ಅಳತೆ, ಕಟ್ಟಡದ ಬಗೆ, ವಯಸ್ಸು ಸರಿಯಿದೆಯೇ ನೋಡಿರಿ.

2. ತೀರಿಹೋದ ಅಜ್ಜನ ಹೆಸರು ಇನ್ನೂ ಇದ್ದರೆ ವಾರಸುದಾರರ ಹೆಸರು ಹಚ್ಚಿಸಿರಿ. ಹೆಂಡತಿಯ ಹೆಸರನ್ನೂ ಸೇರಿಸಿರಿ. 2003ರಿಂದಲೇ ಸರಕಾರದ ಸೂಚನೆ ಇದೆ. ಆದರೆ ಘರಪಟ್ಟಿಯ ಪಾವತಿ ಮಾಲಕಿ ಹಕ್ಕಿನ ದಾಖಲೆಯಲ್ಲ. ಅದನ್ನೊಂದೇ ನಂಬಿ ಜಾಗ ಕೊಳ್ಳಬೇಡಿರಿ.

3. ಹಳ್ಳಿಯಲ್ಲಿ ಸಪ್ಟೆಂಬರದೊಳಗೆ ಕಟ್ಟಿದರೆ ಶೇ. 5 ಸೂಟು ಸಿಗುತ್ತದೆ. ನಗರದಲ್ಲಿ ಬಾಕಿಗೆ ತಿಂಗಳಿಗೆ ಶೇ. 2 ದಂಡ, ಅಂದರೆ ವರ್ಷಕ್ಕೆ ಶೇ. 24. ಸೊಸಾಯಿಟಿಯ ಪೀಕಸಾಲಕ್ಕಿಂತ ಇದು ಎಷ್ಟೋ ಭಾರ.

4. ತಕರಾರು ಇದ್ದರೆ ಬರೆದು ಕೊಟ್ಟು ಪೋಚ ಪಡೆಯಿರಿ. ಪಾಲಿಕೆಯ ಕರದ ವಿರುದ್ಧ ಕೋರ್ಟಿಗೆ ಹೋಗಬೇಕಾದರೆ ತಕರಾರಿನ ಹಣವನ್ನು ಮೊದಲು ಕಟ್ಟಬೇಕಾಗುತ್ತದೆ.

5. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಈ ಗ್ರಾಮಸಭೆಗಳಿಗೆ ಹೋಗಿರಿ. ತಾಯಂದಿರೂ ಬರಲಿ. ನೀರು ತರುವವರು ಅವರೇ, ನೀರಿನ ಪ್ರಶ್ನೆ ಕೇಳಬೇಕಾದವರೂ ಅವರೇ. ಜಮಾಖರ್ಚು ಓದಿಸಿರಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕಿನಲ್ಲಿ ಕೇಳಿರಿ.

ಕರ ಕೊಡದವನು ಸಭೆಯಲ್ಲಿ ತಲೆಯೆತ್ತಿ ಕೇಳಲಾರ. ಕೊಟ್ಟೂ ಕೇಳದವನಿಗೆ ಗಟಾರ ಬರುವುದಿಲ್ಲ. ಸಮಯಕ್ಕೆ ಕೊಡೋಣ, ಕೊಟ್ಟ ಮೇಲೆ ಲೆಕ್ಕ ಕೇಳೋಣ.