ಅಡಿಕೆ ಶೆಡ್ಡಿನ ಎಂಜಿನ್ ಸದ್ದಿಗೆ ನಾರಿನ ಪರದೆ ಸಾಲದು

ಗುಬ್ಬಿ ಕಡೆ ಅಡಿಕೆ ಕೊಯ್ಲು ಶುರುವಾದರೆ ಸುಲಿಯುವ ಯಂತ್ರಕ್ಕೆ ಬಿಡುವಿಲ್ಲ. ತ್ರೀಫೇಸ್ ಕರೆಂಟು ಹೋದರೆ ಡೀಸೆಲ್ ಎಂಜಿನ್ನೇ ಗತಿ. ಯಂತ್ರದ ಕಟಕಟ ಸದ್ದು ತೋಟ ದಾಟುವಷ್ಟರಲ್ಲಿ ಸೊರಗುತ್ತದೆ. ಎಂಜಿನ್ನಿನ ಗುಡುಗುಡು ಮಾತ್ರ ಪಕ್ಕದ ಮನೆಯ ಮಂಚದವರೆಗೂ ಹೋಗುತ್ತೆ. ಕುಣಿಗಲ್‌ನಲ್ಲಿ ಊರೊಳಗೇ ಶೆಡ್ ಇರುವವರಿಗೆ, ತುಮಕೂರಿನ ಬಡಾವಣೆಗಳ ಅಂಚಿನ ತೋಟದವರಿಗೆ ನೆರೆಯವರ ಜತೆ ಮನಸ್ತಾಪ ಬರೋದು ಈ ಸದ್ದಿಗೇ.

ನಮ್ಮಲ್ಲಿ ತೆಂಗಿನ ನಾರಿಗೇನೂ ಬರವಿಲ್ಲ. ಹಾಗಾಗಿ ಎಲ್ಲರಿಗೂ ಮೊದಲು ಹೊಳೆಯೋದು ಗೋಡೆಗೆ ನಾರಿನ ಹಾಸು ಬಡಿಯೋದು. ಕೆಲವರು ಮೊಟ್ಟೆ ಟ್ರೇ, ಥರ್ಮಾಕೋಲ್ ಅಂಟಿಸುತ್ತಾರೆ. ನಾರು ಕೀರಲು ಸದ್ದನ್ನು ಚೆನ್ನಾಗಿ ಹೀರುತ್ತೆ, ಸುಳ್ಳಲ್ಲ. ಆದರೆ ಸೆಕೆಂಡಿಗೆ 50 ಸಲ ಕಂಪಿಸುವ ಸದ್ದಿನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಎರಡಿಂಚಿನ ನಾರು ಅದಕ್ಕೆ ಲೆಕ್ಕಕ್ಕೇ ಇಲ್ಲ. ಟ್ರೇ, ಥರ್ಮಾಕೋಲ್ ಬಗ್ಗೆ ಹೇಳೋದೇ ಬೇಡ.

ಇದನ್ನು ತಡೆಯೋದು ತೂಕ. ತಗಡಿನ ಗೋಡೆಗಿಂತ 9 ಇಂಚಿನ ಇಟ್ಟಿಗೆ ಗೋಡೆ, ಒಳಗೆ ಪೊಳ್ಳಿಲ್ಲದ ಸಾಲಿಡ್ ಬ್ಲಾಕ್, ದಪ್ಪ ಮಣ್ಣಿನ ಗೋಡೆ ಎಷ್ಟೋ ಮೇಲು. ಎರಡೂ ಕಡೆ ಗಾರೆ ಆಗಿರಬೇಕು. ಗೋಡೆ ಗಟ್ಟಿಯಿದ್ದು ಮೇಲೆ ಬರೀ ಶೀಟು ಹೊದೆಸಿದರೆ ಸದ್ದು ಮೇಲಿಂದ ಹೋಗುತ್ತೆ, ಖರ್ಚು ದಂಡ.

ಗೋಡೆಗಿಂತ ಮೊದಲು ನೆಲ ನೋಡಿ. ಎಂಜಿನ್ ಕೂರಿಸಿದ ಕಾಂಕ್ರೀಟ್ ಕಟ್ಟೆ ಮನೆಯ ತಳಪಾಯಕ್ಕೆ ಅಂಟಿಕೊಂಡಿದ್ದರೆ ನಡುಕ ನೆಲದಲ್ಲೇ ಹರಿದು ಹೋಗುತ್ತೆ. ಕಟ್ಟೆ ಬೇರೆಯೇ ಇರಲಿ, ಭಾರವಾಗಿರಲಿ. ಎಂಜಿನ್ನಿನ ತೂಕಕ್ಕೆ ಸರಿಹೊಂದುವ ರಬ್ಬರ್ ಪ್ಯಾಡ್ ಕೆಳಗೆ ಹಾಕಿಸಿ. ಹೊಗೆ ಕೊಳವೆಯೂ ಗೋಡೆಗೆ ತಾಗಬಾರದು, ನಡುವೆ ಬಳುಕುವ ಕೊಳವೆ ಇರಬೇಕು. ಒಳ್ಳೆ ಸೈಲೆನ್ಸರ್‌ಗೆ ಕಂಜೂಸಿ ಮಾಡಬೇಡಿ, ಗುಡುಗುಡು ಹೆಚ್ಚಾಗಿ ಹೊರಡೋದೇ ಆ ಬಾಯಿಂದ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸದ್ದು ಹೊರಬರಬಾರದು ಅಂತ ಗಾಳಿಯಾಡದ ಹಾಗೆ ಕೋಣೆ ಮುಚ್ಚಿಬಿಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಒಳಗೆ ಹೋದ ಆಳು ವಾಪಸ್ ಬರೋದಿಲ್ಲ. ಹೊಗೆ ಕೊಳವೆಯ ಬಾಯಿ ಬಯಲಲ್ಲೇ, ಕಿಟಕಿ ಬಾಗಿಲಿಂದ ದೂರ ಇರಬೇಕು. ಗಾಳಿ ಬರೋಕೆ, ಬಿಸಿ ಹೋಗೋಕೆ ಬೇರೆ ಬೇರೆ ದಾರಿ ಬೇಕು. ಎರಡನ್ನೂ ಇಟ್ಟಿಗೆಯಲ್ಲಿ ಅಂಕುಡೊಂಕಾಗಿ ಕಟ್ಟಿಸಿ. ನಿಮ್ಮ ನಾರಿನ ಹಾಸಿಗೆ ಕೆಲಸ ಇರೋದು ಇಲ್ಲಿ, ಆ ದಾರಿಯ ಒಳಮೈಗೆ.

2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಮನೆಗಳಿರುವ ಕಡೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಅದನ್ನು ಅಳೆಯೋದು 'ಎ' ಮಾಪನದಲ್ಲಿ. ಆ ಲೆಕ್ಕದಲ್ಲಿ 50 ಹರ್ಟ್ಸ್ ಸದ್ದು ಸುಮಾರು 30 ಡೆಸಿಬೆಲ್ ಕಮ್ಮಿ ಕಾಣುತ್ತೆ. ಮೊಬೈಲ್ ತೋರಿಸಿ "ನೋಡಿ, ಮಿತಿಯೊಳಗೇ ಇದೆ" ಅಂದರೆ ನಿದ್ದೆಗೆಟ್ಟ ಪಕ್ಕದ ಮನೆ ಅಜ್ಜಿಗೆ ಸಮಾಧಾನ ಆಗಲ್ಲ. ಕಟ್ಟೋಕೆ ಮುಂಚೆ ಎಂಜಿನ್ ಚಾಲೂ ಮಾಡಿಸಿ ಅವರ ಮನೆಗೇ ಹೋಗಿ, ಗೋಡೆಗೆ ಅಂಗೈ ಇಟ್ಟು ನೋಡಿ. ನಡುಕ ಕೈಗೆ ಸಿಕ್ಕರೆ ಕಟ್ಟೆಯಿಂದ ಕೆಲಸ ಶುರು ಮಾಡಿ.