ಕೈಗೆ ಬರುತ್ತೆ, ಬಾಯಿಗೆ ಬರಲ್ಲ

ಹತ್ತು ಕೆ.ಜಿ. ಈರುಳ್ಳಿಯನ್ನು ಒಂದೇ ಅಳತೆಗೆ ಹೆಚ್ಚಿಡುವ ಹುಡುಗ ಸಂದರ್ಶನದಲ್ಲಿ ಹೆಸರು ಹೇಳಲೂ ತೊದಲುತ್ತಾನೆ. ಪಕ್ಕದಲ್ಲಿ ಕೂತವನು ಮೂರು ವರ್ಷದ ಪದವಿ ಮುಗಿಸಿದವನು ಎಂದು ತಿಳಿದ ಮೇಲಂತೂ ಮುಗಿದೇಹೋಯಿತು.

ಹೋಟೆಲ್ ಮ್ಯಾನೇಜ್‌ಮೆಂಟ್ ಎಂಬ ಒಂದೇ ಹೆಸರಿನಡಿ ಹಲವು ಮೆಟ್ಟಿಲುಗಳಿವೆ. ಪಿಯುಸಿ ನಂತರ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಐಎಚ್‌ಎಂ (ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್) ಸೇರುವವರು ಒಂದು ಕಡೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009-10ರಲ್ಲಿ ಶುರುಮಾಡಿದ 'ಹುನರ್ ಸೆ ರೋಜ್‌ಗಾರ್ ತಕ್' ಯೋಜನೆಯಲ್ಲಿ ಎಂಟನೇ ತರಗತಿ ಪಾಸಾಗಿ, ಕೆಲವೇ ವಾರ ಅಡುಗೆ ಕಲಿತವರು ಇನ್ನೊಂದು ಕಡೆ. ನಡುವೆ ಐಟಿಐ, ಡಿಪ್ಲೊಮಾದವರು. ಕೆಳಗಿನ ಮೆಟ್ಟಿಲಿನವರದು ಒಂದೇ ಮಾತು: 'ನಮಗೆ ಓದು ಹತ್ತಲಿಲ್ಲ ಸಾರ್, ಅದಕ್ಕೇ ಇಲ್ಲಿಗೆ ಬಂದ್ವಿ.'

ಈ ಮಾತನ್ನು ನಾನು ಒಪ್ಪುವುದಿಲ್ಲ. ಕೆ.ಜಿ.ಗೆ 40 ರೂಪಾಯಿಯಂತೆ ಹತ್ತು ಕೆ.ಜಿ. ತರಕಾರಿ ತಂದು, ಸಿಪ್ಪೆ ತೆಗೆದ ಮೇಲೆ ಎಂಟೂವರೆ ಉಳಿದರೆ ಅಡುಗೆಮನೆಗೆ ಬಿದ್ದ ದರ 47 ರೂಪಾಯಿ. ಒಂದು ಪ್ಲೇಟಿನ ಸಾಮಗ್ರಿಗೆ 60 ರೂಪಾಯಿ ತಗಲಿ, ಅದು ಮಾರಾಟ ಬೆಲೆಯ ಶೇ 30 ಮೀರಬಾರದೆಂದರೆ ಮೆನುವಿನಲ್ಲಿ 200 ಎಂದು ಬರೆಯಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಹೆದರಿದವನು ಇದನ್ನು ನಿಂತಲ್ಲೇ ಮಾಡುತ್ತಾನೆ. ಇದೇ ಶೇಕಡಾವಾರು ಲೆಕ್ಕ ಕಣಪ್ಪಾ ಎಂದು ಅವನಿಗೆ ಹೇಳಿದವರಿಲ್ಲ, ಅಷ್ಟೆ.

ಪರೀಕ್ಷೆಯದು ಬೇರೆಯೇ ಕಥೆ. ಮೊಟ್ಟೆ, ಬೆಣ್ಣೆಯ ಹೊಲಾಂಡೇಸ್ ಸಾಸ್ ಯಾಕೆ ಒಡೆಯುತ್ತದೆ ಎಂದು ಅದೇ ಹುಡುಗನನ್ನು ಕನ್ನಡದಲ್ಲಿ ಕೇಳಿ ನೋಡಿ. 'ಉರಿ ಜಾಸ್ತಿಯಾದ್ರೆ ಮೊಟ್ಟೆ ಗಂಟುಕಟ್ಟುತ್ತೆ, ಬೆಣ್ಣೆ ಒಂದೇ ಸಲ ಸುರಿದ್ರೂ ಬಿಟ್ಕೊಳುತ್ತೆ' ಎನ್ನುತ್ತಾನೆ. ಉತ್ತರ ಪೂರ್ತಿ ಸರಿ. ಇಂಗ್ಲಿಷಿನಲ್ಲಿ ಬರೆ ಎಂದರೆ ಹಾಳೆ ಖಾಲಿ. (ಫ್ರೆಂಚ್ ಹೆಸರುಗಳ ಕಾಗುಣಿತ ಮೇಷ್ಟ್ರಿಗೂ ಅಷ್ಟಕ್ಕಷ್ಟೆ ಎಂಬುದು ಬೇರೆ ಮಾತು.)

ಹೋಟೆಲಿನವರೂ ಸಾಚಾಗಳಲ್ಲ. ಅಡುಗೆ, ಸರ್ವಿಸ್, ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್ ನಾಲ್ಕನ್ನೂ ಕಲಿಸುತ್ತೇವೆಂದು ಟ್ರೇನಿಯನ್ನು ಕರೆದು, ತಿಂಗಳುಗಟ್ಟಲೆ ತರಕಾರಿ ಹೆಚ್ಚುವ ಕೆಲಸವನ್ನಷ್ಟೇ ಮಾಡಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸುವವರಿದ್ದಾರೆ. ಅಂಥವನು ಗಿರಾಕಿಯ ಮುಂದೆ ನಿಂತು ಮಾತಾಡುವುದನ್ನು ಕಲಿಯುವುದಾದರೂ ಎಲ್ಲಿ?

ಹಿಂದೆ ಉಡುಪಿ ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿದವನು ಸಪ್ಲೈಯರ್ ಆಗಿ, ಗಲ್ಲೆಯಲ್ಲಿ ಕೂತು, ಕೊನೆಗೆ ತನ್ನದೇ ಹೋಟೆಲ್ ಇಟ್ಟದ್ದುಂಟು. ಅವನ ಅಂಕಪಟ್ಟಿ ಯಾರೂ ಕೇಳಲಿಲ್ಲ. ಇಂದಿನ ದೊಡ್ಡ ಹೋಟೆಲುಗಳಲ್ಲಿ ಮೇಲಿನ ಹುದ್ದೆಗೆ ಪದವಿ ಕೇಳುವುದುಂಟು. ಮತ್ತೆ ಓದುವ ಧೈರ್ಯ ಇಲ್ಲದವನು ಒಲೆಯ ಮುಂದೆಯೇ ಉಳಿಯುತ್ತಾನೆ.

ತರಬೇತಿ ಕೇಂದ್ರದವರು ಮೌಖಿಕ ಪರೀಕ್ಷೆಯನ್ನಾದರೂ ಕನ್ನಡದಲ್ಲಿ ನಡೆಸಲಿ. ಹುಡುಗರೇ, ಮುಂದಿನ ಸಂದರ್ಶನಕ್ಕೆ ಸರ್ಟಿಫಿಕೇಟಿನ ಜೊತೆ ನೀವೇ ಲೆಕ್ಕ ಹಾಕಿದ ಒಂದು ಪ್ಲೇಟಿನ ಖರ್ಚಿನ ಹಾಳೆಯನ್ನೂ ಒಯ್ಯಿರಿ. ಮಾತು ಅಲ್ಲಿಂದಲೇ ಶುರುವಾಗಲಿ.