ಅಪ್ಪನ ಟ್ರಂಕಿನಲ್ಲಿ ಸಿಕ್ಕಿದ್ದು

ಅಪ್ಪನ ವೈಕುಂಠ ಸಮಾರಾಧನೆ ಮುಗಿದ ಮೇಲೆ ಅಣ್ಣ ಟ್ರಂಕು ತೆಗೆದ. ಅಂಚೆ ಪಾಸ್‌ಬುಕ್ಕಿನಲ್ಲಿ ನಾಮಿನಿ ಅಮ್ಮ; ಅಮ್ಮ ಹೋಗಿಯೇ ಆರು ವರ್ಷ! ಮರಣಪತ್ರಕ್ಕೇನೋ ತೊಂದರೆಯಾಗಲಿಲ್ಲ, 21 ದಿನದೊಳಗೇ ನೋಂದಾಯಿಸಿದ್ದೆವು. ಆಮೇಲೆ ವಂಶವೃಕ್ಷಕ್ಕೆ ನಾಡಕಚೇರಿ, ಜಮೀನಿನ ಪೌತಿ ಖಾತೆ ಅಂತ ಅಲೆದಾಟ.

‘ಮದುವೆಯಾದ ಹೆಣ್ಣುಮಕ್ಕಳ ಹೆಸರು ಯಾಕೆ?’ ಎಂದರು ನೆಂಟರೊಬ್ಬರು. ‘2005ರಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು. ಅವಳ ಹೆಸರೂ ಇರಲಿ’ ಅಂದ ಅಣ್ಣ. ನನ್ನ ಕಣ್ಣು ತುಂಬಿತು.

ಟ್ರಂಕಿನ ತಳದಲ್ಲಿ ಅಪ್ಪನ ಲೆಕ್ಕದ ಪುಸ್ತಕಗಳು. ಪ್ರತಿ ಭಾದ್ರಪದದಲ್ಲೂ ಒಂದು ಸಾಲು: ‘ಮಗುವಿಗೆ ಗೌರಿ ಬಾಗಿನ.’ ನಲವತ್ತೈದಾದರೂ ನಾನು ಅವರಿಗೆ ಮಗುವೇ! ಅವನ್ನು ಕೇಳಿ ತಂದು ಸೀರೆಗಳ ನಡುವೆ ಇಟ್ಟುಕೊಂಡಿದ್ದೇನೆ.

ಸೋದರಿಯರೇ, ಈ ಸಲ ತವರಿಗೆ ಹೋದಾಗ ಪಾಸ್‌ಬುಕ್ಕಿನಲ್ಲಿ ನಾಮಿನಿ ಯಾರೆಂದು ಒಮ್ಮೆ ನೋಡಿ ಬನ್ನಿ.